ಬಾಹ್ಯಾಕಾಶ ನಿಲ್ದಾಣ: ನೋಡುವ ಸಮಯದ ಜತೆ ಕೇಳುವ ಸಮಯವೂ ಬರಲಿ

ಮಾನ್ಯ ಸಂಪಾದಕರೇ,

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮ ಊರುಗಳ ಮೇಲೆ ಹಾದುಹೋಗುವ ಸಮಯವನ್ನು ಪತ್ರಿಕೆಗಳು ಆಗಾಗ ಪ್ರಕಟಿಸುತ್ತವೆ. ಅದು ಬರಿಗಣ್ಣಿಗೆ ಕಾಣುವ ಸಮಯ ಮಾತ್ರ: ಮುಸ್ಸಂಜೆ ಇಲ್ಲವೇ ನಸುಕು, ಅದೂ ಮೋಡ ಇಲ್ಲದಿದ್ದರೆ. ರೇಡಿಯೊಗೆ ಈ ಕಟ್ಟುಪಾಡಿಲ್ಲ. ನಡುಮಧ್ಯಾಹ್ನದಲ್ಲೂ ಆಷಾಢದ ಮೋಡದೊಳಗಿಂದಲೂ ಗಗನಯಾತ್ರಿಗಳ ದನಿ ಕೇಳಬಹುದು. ದಾವಣಗೆರೆ, ಚಿತ್ರದುರ್ಗದ ಜಿಲ್ಲಾ ಪುಟಗಳಲ್ಲಿ ಆ ಸಮಯವನ್ನೂ ಕೊಡಬೇಕೆಂದು ಕೋರಿ ಈ ಪತ್ರ.

ಮೊಬೈಲಿನ ಎಫ್‌ಎಂನಲ್ಲಿ ಇದು ಸಿಗುವುದಿಲ್ಲ. ಅದು 108 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ನಿಲ್ದಾಣದ ಹವ್ಯಾಸಿ ರೇಡಿಯೊ ಮಾತು ಬರುವುದು 145.800ರಲ್ಲಿ. ಹ್ಯೂಸ್ಟನ್ನಿನ ನಾಸಾ ನಿಯಂತ್ರಣ ಕೇಂದ್ರದ ಜತೆಗಿನ ದಿನನಿತ್ಯದ ಮಾತುಕತೆ ರಿಲೇ ಉಪಗ್ರಹಗಳ ಮೂಲಕ ಹೋಗುವುದರಿಂದ ನಮ್ಮ ತಾರಸಿಯ ಆಂಟೆನಾಗೆ ಎಟುಕದು. ಎಟುಕುವುದು ಶಾಲಾ ಮಕ್ಕಳೊಂದಿಗಿನ ಸಂವಾದ, ಬಿಡುವಿನಲ್ಲಿ ಹ್ಯಾಮ್‌ಗಳೊಂದಿಗೆ, ಅಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೊದವರೊಂದಿಗೆ ಆಡುವ ಮಾತು. 2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದೊಂದಿಗೆ ಮಾತಾಡಿದ್ದು ಹ್ಯಾಮ್ ರೇಡಿಯೊದಲ್ಲೇ.

ಕೇಳುವುದಕ್ಕೆ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಪುಟ್ಟ ರೇಡಿಯೊ ಗ್ರಾಹಕ) ಸಾಕು. ಅಗ್ಗಕ್ಕೆ ಸಿಗುತ್ತದೆಂದು ವಾಕಿಟಾಕಿ ಕೊಳ್ಳಬೇಡಿ. ಅದು ಪ್ರಸಾರವನ್ನೂ ಮಾಡುವ ಸೆಟ್, ಹ್ಯಾಮ್ ಪರವಾನಗಿ ಇಲ್ಲದವರು ಇಟ್ಟುಕೊಳ್ಳುವಂಥದ್ದಲ್ಲ. ಆಂಟೆನಾವನ್ನು ಮನೆಯಲ್ಲೇ ಮಾಡಬಹುದು. ದಪ್ಪ ತಾಮ್ರದ ತಂತಿಯ 49 ಸೆಂ.ಮೀ. ತುಂಡೊಂದನ್ನು ನೆಟ್ಟಗೆ ನಿಲ್ಲಿಸಿ ಕೇಬಲ್ಲಿನ ನಡುತಂತಿಗೆ ಬೆಸುಗೆ ಹಾಕಿ. 51 ಸೆಂ.ಮೀ.ನ ನಾಲ್ಕು ತುಂಡುಗಳನ್ನು 45 ಡಿಗ್ರಿ ಕೆಳಕ್ಕೆ ಬಗ್ಗಿಸಿ ಕೇಬಲ್ಲಿನ ಜಾಲರಿಗೆ ಸೇರಿಸಿ. ಡಿಶ್ ಟಿವಿಯ ಆರ್‌ಜಿ-6 ಕೇಬಲ್ ಬರೀ ಕೇಳಲು ಸಾಕು, ಹತ್ತು ಮೀಟರ್ ಮೀರದಿರಲಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಸಂಜೆಗಳಲ್ಲಿ ಕೇಬಲ್ ಕಳಚಿ ಹೊರಗಿಡಿ.

ಹೊಸಬರು ಸೋಲುವುದು ಹೆಚ್ಚಾಗಿ ಸೆಟ್ಟಿಂಗ್‌ನಲ್ಲಿ. ಡಾಂಗಲ್ಲಿನ ತಂತ್ರಾಂಶದಲ್ಲಿ ಎಫ್‌ಎಂ ಬಾನುಲಿಗೆ ಬಳಸುವ ವೈಡ್ ಎಫ್‌ಎಂ ಇದ್ದರೆ ಬರೀ ಭೋರ್ಗರೆತ. ನ್ಯಾರೋ ಎಫ್‌ಎಂ ಆರಿಸಿ, ಫಿಲ್ಟರ್ 15 ಕಿಲೋಹರ್ಟ್ಸ್‌ಗೆ ಇಡಿ, ಕ್ಷೀಣ ಸಂಕೇತವನ್ನು ಮೌನಗೊಳಿಸುವ ಸ್ಕ್ವೆಲ್ಚ್ ಪೂರ್ತಿ ತೆಗೆಯಿರಿ. ನಿಲ್ದಾಣ ನಮ್ಮತ್ತ ಬರುವಾಗ ಡಾಪ್ಲರ್ ಪರಿಣಾಮದಿಂದ (ಚಲನೆಯಿಂದಾಗುವ ಏರಿಳಿತ) ಕಂಪನಾಂಕ ಸುಮಾರು 3.5 ಕಿಲೋಹರ್ಟ್ಸ್ ಮೇಲಿರುತ್ತದೆ, ದೂರ ಸರಿಯುವಾಗ ಅಷ್ಟೇ ಕೆಳಗೆ. ಅದನ್ನು ಫಿಲ್ಟರ್ ತಾಳಿಕೊಳ್ಳುತ್ತದೆ. ತಾಳದಿರುವುದು ಅಗ್ಗದ ಡಾಂಗಲ್ಲಿನ ಸ್ವಂತ ತಪ್ಪು: 50 ಪಿಪಿಎಂ (ಹತ್ತು ಲಕ್ಷಕ್ಕೆ 50 ಭಾಗ) ವ್ಯತ್ಯಾಸವೆಂದರೆ ಇಲ್ಲಿ 7 ಕಿಲೋಹರ್ಟ್ಸ್‌ಗೂ ಮಿಕ್ಕಿ, ಡಾಪ್ಲರ್‌ನ ಇಮ್ಮಡಿ. ಡಾಂಗಲ್ ಹತ್ತು ನಿಮಿಷ ಬಿಸಿಯಾದ ಮೇಲೆ, ಕಂಪನಾಂಕ ಖಚಿತವಾಗಿ ಗೊತ್ತಿರುವ ಒಂದು ಸಂಕೇತಕ್ಕೆ ಹೊಂದಿಸಿ ಪಿಪಿಎಂ ಸರಿಪಡಿಸಿಕೊಳ್ಳಿ. ಚಿತ್ರದುರ್ಗದವರಿಗೆ ಆಕಾಶವಾಣಿಯ ಎಫ್‌ಎಂ ಹತ್ತಿರದಲ್ಲೇ ಇದೆ. ಗೇನ್ (ಸಂಕೇತವನ್ನು ಹಿಗ್ಗಿಸುವ ಮಟ್ಟ) ಅತಿಯಾದರೆ ಆ ಎಫ್‌ಎಂನ ಸುಳ್ಳು ನೆರಳು ಎಲ್ಲೆಡೆ ಕಾಣುತ್ತದೆ. ಗೇನ್ ಇಳಿಸಿ, ಸಾಲದಿದ್ದರೆ 88ರಿಂದ 108ನ್ನು ತಡೆಯುವ ಫಿಲ್ಟರ್ ಹಾಕಿ. ಎಲ್‌ಇಡಿ ಬಲ್ಬು, ಇನ್ವರ್ಟರ್, ಲ್ಯಾಪ್‌ಟಾಪ್ ಚಾರ್ಜರ್ ಮೂರೂ ಗದ್ದಲ ಎಬ್ಬಿಸುತ್ತವೆ. ನಿಲ್ದಾಣ ಹಾದುಹೋಗುವ ಹತ್ತು ನಿಮಿಷ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ.

ಜಾಗವೂ ಮುಖ್ಯ. ಕುಂದವಾಡ ಕೆರೆ ಏರಿಯಂಥ ಬಯಲು ಒಳ್ಳೆಯದು. ಚಂದ್ರವಳ್ಳಿ ಎಷ್ಟೇ ಚೆಂದವಿದ್ದರೂ ಸುತ್ತಲಿನ ಗುಡ್ಡಗಳು ಹಾದಿಯ ಆರಂಭ, ಕೊನೆ ಎರಡನ್ನೂ ನುಂಗುತ್ತವೆ. ನಿಲ್ದಾಣ ದಿಗಂತದಲ್ಲಿದ್ದಾಗ ನಮ್ಮಿಂದ 2,000 ಕಿ.ಮೀ.ಗೂ ಹೆಚ್ಚು ದೂರ, ನೆತ್ತಿಯ ಮೇಲೆ ಬಂದಾಗ 420ರ ಆಸುಪಾಸು. ಆದ್ದರಿಂದ ದಿಗಂತದಿಂದ 30 ಡಿಗ್ರಿಗಿಂತ ಎತ್ತರ ಏರುವ ಹಾದಿಗಳನ್ನೇ ಆರಿಸಿಕೊಳ್ಳಿ.

ಶಾಲಾ ಸಂವಾದದಲ್ಲಿ ಕೇಳುವುದು ಉತ್ತರಗಳು ಮಾತ್ರ. ಮಕ್ಕಳ ಪ್ರಶ್ನೆ ಬೇರೆ ಕಂಪನಾಂಕದಲ್ಲಿ ನೆಲದಿಂದ ಮೇಲಕ್ಕೆ ಹೋಗುತ್ತದೆ, ನಮ್ಮವರೆಗೆ ಬರುವುದಿಲ್ಲ. ದೆಹಲಿ, ಕೊಲಂಬೊ, ಕಠ್ಮಂಡುವಿನ ಶಾಲೆಯೊಂದು ನೇರ ಸಂಪರ್ಕದಲ್ಲಿದ್ದರೆ ನಮಗೂ ಸಿಗುವ ಸಾಧ್ಯತೆ ಹೆಚ್ಚು. ಟೆಲಿಬ್ರಿಜ್ ಎಂದು ಪ್ರಕಟಣೆಯಲ್ಲಿದ್ದರೆ ಶಾಲೆ ಬೆಂಗಳೂರಿನದೇ ಆದರೂ ರೇಡಿಯೊ ಕೊಂಡಿ ಬೇರೆ ದೇಶದ ಕೇಂದ್ರದ್ದು. ಆಗ ನಿಲ್ದಾಣ ನಮ್ಮ ಆಕಾಶದಲ್ಲೇ ಇರುವುದಿಲ್ಲ. ಇದು ತಿಳಿಯದೆ ಮಕ್ಕಳನ್ನು ತಾರಸಿ ಮೇಲೆ ಕೂರಿಸಿದರೆ ಅವರಿಗೆ ನಿರಾಸೆಯೇ ಗತಿ. ಮಾತಿಲ್ಲದ ದಿನಗಳಲ್ಲೂ ಆಗೀಗ ಇದೇ 145.800ರಲ್ಲಿ ಶಬ್ದದ ರೂಪದಲ್ಲಿ ಚಿತ್ರಗಳು ಬರುತ್ತವೆ. ಅವು ಸಾಮಾನ್ಯವಾಗಿ ಪಿಡಿ120 ಕ್ರಮದವು, ಒಂದೊಂದಕ್ಕೆ ಎರಡು ನಿಮಿಷ. ಆ ಶಬ್ದವನ್ನು ಚಿತ್ರವಾಗಿಸುವ ರೋಬೋಟ್36 ಆ್ಯಪ್ ಇರುವ ಫೋನನ್ನು ಸ್ಪೀಕರಿನ ಮುಂದೆ ಹಿಡಿದರೆ ಚಿತ್ರ ಸಾಲುಸಾಲಾಗಿ ಮೂಡುತ್ತದೆ. ಶಾಲೆಗಳಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಪತ್ರಿಕೆ ಕೊಡಬೇಕಾದದ್ದು ನಾಲ್ಕು ಅಂಕಿ: ನಿಲ್ದಾಣ ಮೂಡುವ ಸಮಯ, ಮುಳುಗುವ ಸಮಯ, ದಿಕ್ಕು, ಗರಿಷ್ಠ ಎತ್ತರ. ದಾವಣಗೆರೆಗೆ 14.46 ಉತ್ತರ, 75.92 ಪೂರ್ವ ಎಂದು ಉಪಗ್ರಹಗಳ ಹಾದಿ ಲೆಕ್ಕ ಹಾಕುವ ಜಿಪ್ರೆಡಿಕ್ಟ್ ತಂತ್ರಾಂಶಕ್ಕೆ ಕೊಟ್ಟರೆ ವಾರದ ಪಟ್ಟಿ ಸಿಗುತ್ತದೆ. ಸಮಯ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದ್ದರೆ ಐದೂವರೆ ಗಂಟೆ ಕೂಡಿಸಬೇಕು. ನಿಲ್ದಾಣವನ್ನು ಆಗಾಗ ಮೇಲಿನ ಕಕ್ಷೆಗೆ ಎತ್ತುವುದರಿಂದ ಹಳೆಯ ಕಕ್ಷಾ ಮಾಹಿತಿಯಲ್ಲಿ ಲೆಕ್ಕ ತಪ್ಪುತ್ತದೆ, ಹೀಗಾಗಿ ಪ್ರಕಟಿಸುವ ಹಿಂದಿನ ದಿನವೇ ಅದನ್ನು ಹೊಸದಾಗಿ ಇಳಿಸಿಕೊಳ್ಳಬೇಕು.

– ಹವ್ಯಾಸಿ ರೇಡಿಯೊ ಕೇಳುಗರು, ದಾವಣಗೆರೆ