ಮಗಳಿಗೊಂದು ಪತ್ರ: ಡಕ್ಯೂಲಾದ ಪಿಟೀಲುಗಾರ

ಮೈಸೂರು

ಪ್ರೀತಿಯ ಮಗಳೇ,

ಆಶೀರ್ವಾದಗಳು. ಅಟ್ಲಾಂಟಾದಲ್ಲಿ ಗೆಳೆಯರೆಲ್ಲ ಸೇರಿ ಕಟ್ಟಿಕೊಂಡಿರುವ ವಾದ್ಯತಂಡವನ್ನು ನೀನೇ ನಡೆಸಬೇಕೆಂದು ಎಲ್ಲರೂ ಕೇಳುತ್ತಿದ್ದಾರೆ, ಆದರೆ ನಿನಗಿಂತ ಚೆನ್ನಾಗಿ ಪಿಟೀಲು ನುಡಿಸುವವರು ಅದರಲ್ಲಿ ಇಬ್ಬರಿರುವಾಗ ಆ ಜಾಗದಲ್ಲಿ ಕೂರಲು ಸಂಕೋಚವಾಗುತ್ತದೆ ಎಂದು ಬರೆದಿದ್ದೀಯೆ. ನಿನ್ನ ಸಂಕೋಚ ನನಗೆ ಅರ್ಥವಾಗುತ್ತದೆ. ಅದಕ್ಕೆ ಉತ್ತರವಾಗಿ, ನೀನು ಈಗ ಇರುವ ಊರಿನ ಪಕ್ಕದಲ್ಲೇ ಬಾಳಿ ಹೋದ ಒಬ್ಬ ರೈತನ ವಿಷಯ ಬರೆಯುತ್ತೇನೆ. ಅವನ ಹೆಸರು ಗಿಡ್ ಟ್ಯಾನರ್. ಅಮೆರಿಕದ ಕಂಟ್ರಿ ಸಂಗೀತ ಇನ್ನೂ ಆ ಹೆಸರನ್ನೇ ಪಡೆಯದಿದ್ದ ಕಾಲದಲ್ಲಿ ಸ್ಕಿಲೆಟ್ ಲಿಕರ್ಸ್ ಎಂಬ ತಂತಿವಾದ್ಯಗಳ ತಂಡವನ್ನು ಮುನ್ನಡೆಸಿದವನು ಅವನು.

ಜೇಮ್ಸ್ ಗಿಡಿಯನ್ ಟ್ಯಾನರ್ ಹುಟ್ಟಿದ್ದು 1885ರಲ್ಲಿ, ಜಾರ್ಜಿಯಾದ ಮನ್ರೋ ಪಟ್ಟಣದ ಸಮೀಪ. ಬಾಳಿದ್ದು ನಿಮ್ಮ ಗ್ವಿನೆಟ್ ಕೌಂಟಿಯ ಡಕ್ಯೂಲಾದಲ್ಲಿ, ಕೋಳಿ ಸಾಕಿಕೊಂಡು. ಪಿಟೀಲನ್ನು ಹುಡುಗನಾಗಿದ್ದಾಗಲೇ ಕಲಿತ. ಆ ಸೀಮೆಯಲ್ಲಿ ಕಲಿಯುವುದೆಂದರೆ ಸ್ವರ ಬರೆದಿಟ್ಟುಕೊಂಡು ಕಲಿಯುವುದಲ್ಲ, ನುಡಿಸುವವರ ಪಕ್ಕ ಕುಳಿತು ಕಿವಿಯಿಂದ ಹಿಡಿದುಕೊಳ್ಳುವುದು. ಒಂದೊಂದು ಮಟ್ಟಿಗೂ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ಒಂದು ತಗ್ಗಿನಲ್ಲಿ, ಇನ್ನೊಂದು ಏರಿನಲ್ಲಿ. ಪ್ರತಿ ಭಾಗವನ್ನೂ ಎರಡೆರಡು ಸಲ ನುಡಿಸಿ ಮತ್ತೆ ಮೊದಲಿಗೆ ಬರಬೇಕು, ಕುಣಿಯುವವರ ಕಾಲು ಸೋಲುವವರೆಗೂ ಹೀಗೆಯೇ ಸುತ್ತುತ್ತಿರಬೇಕು. ನಮ್ಮ ಹಾಗೆ ಒಂದು ರಾಗವನ್ನು ಬಿಡಿಸಿ ಬೆಳೆಸುವ ಕೆಲಸ ಅಲ್ಲಿಲ್ಲ. ಇಡೀ ಜೀವ ಇರುವುದು ಬಲಗೈಯ ಕಮಾನಿನಲ್ಲಿ, ಅದು ತಾಳಕ್ಕೆ ಕೊಡುವ ಒತ್ತಿನಲ್ಲಿ.

1913ರಿಂದ ಅಟ್ಲಾಂಟಾದ ಸಭಾಂಗಣದಲ್ಲಿ ಹಳೆಯ ಕಾಲದ ಪಿಟೀಲುಗಾರರ ಸ್ಪರ್ಧೆ ನಡೆಯತೊಡಗಿತು. ಜಾರ್ಜಿಯಾದ ಮೂಲೆಮೂಲೆಯಿಂದ ರೈತರು, ಗಿರಣಿ ಕೆಲಸಗಾರರು ವಾದ್ಯ ಹಿಡಿದು ಬರುತ್ತಿದ್ದರು. ಅಲ್ಲಿ ಟ್ಯಾನರನ ಎದುರಾಳಿ ಫಿಡ್ಲಿನ್ ಜಾನ್ ಕಾರ್ಸನ್. ಇಬ್ಬರಿಗೂ ಜನ ಮುಗಿಬೀಳುತ್ತಿದ್ದರು. ಟ್ಯಾನರ್ ಬರಿಯ ವಾದಕನಲ್ಲ. ಗಂಟಲನ್ನು ಕೀರಲಿಗೆ ಏರಿಸಿ ಹಾಡುತ್ತಿದ್ದ, ಹಳ್ಳಿಯ ಪೆದ್ದನ ವೇಷ ಹಾಕಿ ಸಭೆಯನ್ನು ನಗಿಸುತ್ತಿದ್ದ. 1922ರಲ್ಲಿ ಅಟ್ಲಾಂಟಾದಲ್ಲಿ ಡಬ್ಲ್ಯೂಎಸ್‌ಬಿ ರೇಡಿಯೊ ಕೇಂದ್ರ ಶುರುವಾಯಿತು. ಮರುವರ್ಷ ‘ಓಕೆ’ ಎಂಬ ಧ್ವನಿಮುದ್ರಣ ಕಂಪನಿಯ ಪರವಾಗಿ ರಾಲ್ಫ್ ಪೀರ್ ಎಂಬಾತ ಅಟ್ಲಾಂಟಾಕ್ಕೆ ಬಂದು ಕಾರ್ಸನ್‌ನ ವಾದನವನ್ನು ಧ್ವನಿಮುದ್ರಿಸಿಕೊಂಡ. ಇಂಥದ್ದನ್ನು ಯಾರು ಕೊಳ್ಳುತ್ತಾರೆ ಎಂದುಕೊಂಡಿದ್ದವರ ಲೆಕ್ಕ ತಲೆಕೆಳಗಾಗಿ, ಗ್ರಾಮಫೋನ್ ತಟ್ಟೆಗಳು ಬಿಸಿಬಿಸಿಯಾಗಿ ಮಾರಿಹೋದವು. ಪೈಪೋಟಿಗೆ ನಿಂತ ಕೊಲಂಬಿಯ ಕಂಪನಿ 1924ರ ಮಾರ್ಚಿಯಲ್ಲಿ ಟ್ಯಾನರನನ್ನೂ ರೈಲಿ ಪಕೆಟ್ ಎಂಬ ಗಿಟಾರ್ ವಾದಕನನ್ನೂ ನ್ಯೂಯಾರ್ಕಿಗೆ ಕರೆಸಿಕೊಂಡಿತು. ಪಕೆಟ್ ಎಳೆಯ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡವನು. ಅವನ ಕಂಠದ ತುಂಬು ಗಾಂಭೀರ್ಯ ಮಾತ್ರ ಬೇರೆ ಯಾರಿಗೂ ಇರಲಿಲ್ಲ. ಧ್ವನಿಮುದ್ರಣಕ್ಕೆ ಇನ್ನೂ ಮೈಕ್ ಬಳಕೆಗೆ ಬಂದಿರದ ದಿನಗಳು. ಇಬ್ಬರೂ ಒಂದು ದೊಡ್ಡ ಕಹಳೆಯ ಬಾಯಿಗೆ ಮುಖ ಮಾಡಿ ನುಡಿಸಬೇಕಾಗಿತ್ತು, ಆ ನಾದದ ಬಲವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೀರು ಕೊರೆಯಬೇಕಾಗಿತ್ತು.

ನಿನಗೆ ಬೇಕಾದ ಭಾಗ ಇಲ್ಲಿಂದ ಮುಂದಿನದು. 1926ರಲ್ಲಿ ಕೊಲಂಬಿಯದ ಫ್ರ್ಯಾಂಕ್ ವಾಕರ್ ಎಂಬಾತ, ಟ್ಯಾನರ್ ಮತ್ತು ಪಕೆಟ್ ಜೊತೆಗೆ ಬ್ಯಾಂಜೊ ಎಂಬ ತಂತಿವಾದ್ಯ ನುಡಿಸುವ ಫೇಟ್ ನಾರಿಸ್‌ನನ್ನೂ ಪಿಟೀಲಿನ ಕ್ಲೇಟನ್ ಮೆಕ್‌ಮಿಚನ್‌ನನ್ನೂ ಸೇರಿಸಿ ಅಟ್ಲಾಂಟಾದಲ್ಲೇ ಧ್ವನಿಮುದ್ರಣ ಮಾಡಿಸಿದ. ಮೆಕ್‌ಮಿಚನ್ ಟ್ಯಾನರನಿಗಿಂತ ಹದಿನೈದು ವರ್ಷ ಚಿಕ್ಕವನು, ಮತ್ತು ಪಿಟೀಲಿನಲ್ಲಿ ಅವನಿಗಿಂತ ಬಹಳ ಮುಂದಿದ್ದವನು. ನುಣುಪಾದ ಕಮಾನು, ಶುದ್ಧವಾದ ಶ್ರುತಿ, ಜಾಜ್ ಸಂಗೀತದ ಕಡೆಗೆ ವಾಲುವ ಮನಸ್ಸು. ಹಳ್ಳಿಯ ಹಳೆಯ ಗತ್ತಿನಲ್ಲಿ ಒರಟಾಗಿ ನುಡಿಸುವ, ನಡುನಡುವೆ ಕೂಗಿ ಕೇಕೆ ಹಾಕುವ ಟ್ಯಾನರನ ರೀತಿ ಅವನಿಗೆ ಹಿಡಿಸುತ್ತಿರಲಿಲ್ಲ, ಅದನ್ನು ಅವನು ಮುಚ್ಚಿಡಲೂ ಇಲ್ಲ. ತಟ್ಟೆಯ ಮೇಲಿನ ಚೀಟಿಯಲ್ಲಿ ತಂಡ ಟ್ಯಾನರನ ಹೆಸರಿನಲ್ಲಿರುತ್ತಿತ್ತು, ಜೊತೆಗೆ ಪಕೆಟ್ ಮತ್ತು ಮೆಕ್‌ಮಿಚನ್ ಹೆಸರುಗಳೂ ಅಚ್ಚಾಗುತ್ತಿದ್ದವು. ಮುಂದೆ ಲೋ ಸ್ಟೋಕ್ಸ್, ಬರ್ಟ್ ಲೇನ್ ಎಂಬ ಪಿಟೀಲುಗಾರರೂ ತಂಡಕ್ಕೆ ಬಂದರು. ಸ್ಟೋಕ್ಸ್ ಸಹ ಟ್ಯಾನರನಿಗಿಂತ ನುರಿತವನೇ. ಕಮಾನು ಹಿಡಿಯುವ ತನ್ನ ಬಲಗೈಯನ್ನು ಗುಂಡೇಟಿನಿಂದ ಕಳೆದುಕೊಂಡ ಮೇಲೆ, ಲೇನ್ ಮಾಡಿಕೊಟ್ಟ ಒಂದು ಲೋಹದ ಸಲಕರಣೆಯನ್ನು ಮೊಂಡುತೋಳಿಗೆ ಕಟ್ಟಿಕೊಂಡು ಮತ್ತೆ ನುಡಿಸಿದ ಧೀರ ಅವನು.

ಇಂಥವರ ನಡುವೆ ಟ್ಯಾನರ್ ಏನು ಮಾಡಿದ? ಮುಖ್ಯ ಮಟ್ಟನ್ನು ಹೆಚ್ಚಾಗಿ ಮೆಕ್‌ಮಿಚನ್ನನಿಗೇ ಬಿಟ್ಟುಕೊಟ್ಟ. ಹಾಡಿನ ಭಾರವನ್ನು ಪಕೆಟ್ ಹೊತ್ತ. ತಾನು ಜೊತೆ ಪಿಟೀಲು ಹಿಡಿದ, ಕೀರಲು ದನಿಯಲ್ಲಿ ಪಲ್ಲವಿಗೆ ಸೇರಿಕೊಂಡ, ತಮಾಷೆ ಮಾಡಿದ. ಇಷ್ಟೇ ಎಂದು ಅನ್ನಿಸಬಹುದು. ಆದರೆ ಆ ಮುದ್ರಣಗಳನ್ನು ಗಮನವಿಟ್ಟು ಕೇಳಿದರೆ, ಎರಡು ಮೂರು ಪಿಟೀಲುಗಳು ಒಂದರ ಮೇಲೊಂದು ಹರಿಯುವ ಆ ಹುಮ್ಮಸ್ಸು, ಈಗಲೋ ಆಗಲೋ ಕೈತಪ್ಪಿ ಹೋದೀತು ಎನ್ನಿಸುವ ಆ ವೇಗ, ನುರಿತವರಷ್ಟೇ ಸೇರಿದ್ದರೆ ಹುಟ್ಟುತ್ತಿರಲಿಲ್ಲ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. 1931ರವರೆಗೆ ಈ ತಂಡ ಕೊಲಂಬಿಯಕ್ಕಾಗಿ 80ಕ್ಕೂ ಹೆಚ್ಚು ಮುದ್ರಣಗಳನ್ನು ಮಾಡಿತು. ಅವುಗಳಲ್ಲಿ ಪಾನನಿಷೇಧದ ಕಾಲದ ಕಳ್ಳಭಟ್ಟಿಯವರ ಕುರಿತು ಮಾತು, ಹಾಡು, ವಾದನ ಬೆರೆಸಿದ ಒಂದು ಹಾಸ್ಯ ಪ್ರಸಂಗ 14 ಕಂತುಗಳವರೆಗೂ ಬೆಳೆಯಿತು. ಅಲ್ಲಿ ಟ್ಯಾನರನ ಹಾಸ್ಯಕ್ಕೂ ಜಾಗವಿತ್ತು.

ಇನ್ನೊಂದು ವಿಷಯವನ್ನೂ ನಿನಗೆ ಹೇಳಲೇಬೇಕು. ಈ ತಂಡದ ಕೆಲವು ಹಾಡುಗಳಲ್ಲಿ ಕರಿಯ ಜನರನ್ನು ಹೀನಾಯವಾಗಿ ಕರೆಯುವ ಮಾತುಗಳಿವೆ; ಅವನ್ನು ಕೇಳಿದಾಗ ಮನಸ್ಸು ನೋಯುತ್ತದೆ, ನೋಯಬೇಕು. ನಾರಿಸ್ ನುಡಿಸುತ್ತಿದ್ದ ಬ್ಯಾಂಜೊ ಆಫ್ರಿಕದಿಂದ ಗುಲಾಮರಾಗಿ ಬಂದವರ ನೆನಪಿನಲ್ಲಿ ಉಳಿದು ಬಂದ ವಾದ್ಯ. ಬಿಳಿಯರೂ ಕರಿಯರೂ ಒಂದೇ ನೆಲದಲ್ಲಿ ಒಬ್ಬರಿಂದೊಬ್ಬರು ಕಲಿತ ಸಂಗೀತವನ್ನು ಕಂಪನಿಗಳು ಬಣ್ಣ ನೋಡಿ ಎರಡು ಬೇರೆ ಬೇರೆ ಪಟ್ಟಿಗಳಲ್ಲಿ ಮಾರಿದವು. ಟ್ಯಾನರನನ್ನು ಮೆಚ್ಚುವಾಗ ಇದನ್ನು ಮರೆಮಾಚುವುದು ನನಗೆ ಸರಿಕಾಣುವುದಿಲ್ಲ.

ಆರ್ಥಿಕ ಕುಸಿತದ ಹೊಡೆತಕ್ಕೆ ತಟ್ಟೆಗಳ ಮಾರಾಟ ನೆಲಕಚ್ಚಿತು, ತಂಡ ಚದುರಿತು. ಮೆಕ್‌ಮಿಚನ್ ತನ್ನದೇ ಜಾರ್ಜಿಯಾ ವೈಲ್ಡ್‌ಕ್ಯಾಟ್ಸ್ ತಂಡ ಕಟ್ಟಿಕೊಂಡು ಹೊರಟ. ಟ್ಯಾನರನಿಗೆ ಕೋಳಿ ಸಾಕಣೆ ಇತ್ತು. ಹೆಸರು ಬಂದ ವರ್ಷಗಳಲ್ಲೂ ಅವನು ಅದನ್ನು ಬಿಟ್ಟಿರಲಿಲ್ಲ, ಆದ್ದರಿಂದ ಸಂಗೀತ ಅನ್ನ ಕೊಡದಿದ್ದಾಗ ಅವನು ಸಂಗೀತದ ಮೇಲೆ ಮುನಿಸಿಕೊಳ್ಳಬೇಕಾಗಲಿಲ್ಲ.

1934ರ ಮಾರ್ಚಿಯಲ್ಲಿ ಬ್ಲೂಬರ್ಡ್ ಕಂಪನಿಗಾಗಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದಲ್ಲಿ ಕೊನೆಯ ಸಲ ಧ್ವನಿಮುದ್ರಣಕ್ಕೆ ಹೋದಾಗ ಜೊತೆಗಿದ್ದವರು ಪಕೆಟ್, ಮ್ಯಾಂಡೊಲಿನ್ ನುಡಿಸುವ ಟೆಡ್ ಹಾಕಿನ್ಸ್, ಮತ್ತು ಟ್ಯಾನರನ ಹದಿನೇಳು ವರ್ಷದ ಮಗ ಗಾರ್ಡನ್. ಅಲ್ಲಿ ಮುದ್ರಣವಾದ ‘ಡೌನ್ ಯಾಂಡರ್’ ಆ ಕಷ್ಟದ ದಿನಗಳಲ್ಲೂ ಬಹಳ ಚೆನ್ನಾಗಿ ಮಾರಾಟವಾಯಿತು, ಟ್ಯಾನರನ ಹೆಸರು ಇವತ್ತಿಗೂ ಹೆಚ್ಚು ನೆನಪಾಗುವುದು ಅದರಿಂದಲೇ. ಅದರಲ್ಲಿ ಮುಂದೆ ನಿಂತು ಮಟ್ಟನ್ನು ನಡೆಸುವ ಪಿಟೀಲು ಗಾರ್ಡನ್‌ನದು. ಅಪ್ಪನಾಗಿ ನಾನು ಈ ಪ್ರಸಂಗವನ್ನು ಮತ್ತೆ ಮತ್ತೆ ನೆನೆಯುತ್ತೇನೆ. ಐವತ್ತರ ಹತ್ತಿರ ಬಂದ ಮನುಷ್ಯ, ವರ್ಷಗಳ ನಂತರ ಮತ್ತೆ ಸಿಕ್ಕಿದ ಅವಕಾಶ, ಮೈಕಿನ ಮುಂದೆ ಮೂರೇ ನಿಮಿಷ. ಆಗ ಮುಖ್ಯ ಪಿಟೀಲನ್ನು ಹುಡುಗನ ಕೈಗೆ ಬಿಟ್ಟುಕೊಡುವುದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕು!

ಟ್ಯಾನರ್ 1960ರಲ್ಲಿ ತೀರಿಕೊಂಡ. ಗಾರ್ಡನ್ ಕೈಯಿಂದ ಪಿಟೀಲುಗಳನ್ನು ತಯಾರಿಸುತ್ತ, ನುಡಿಸುತ್ತ 1982ರವರೆಗೆ ಬದುಕಿದ್ದ. ಡಕ್ಯೂಲಾದಲ್ಲಿ ಆ ಮನೆತನದವರು ಹಳೆಯ ಕೋಳಿಮನೆಯೊಂದನ್ನೇ ಸಂಗೀತದ ಜಾಗವಾಗಿ ಮಾಡಿಕೊಂಡು ಊರವರೊಂದಿಗೆ ಸೇರಿ ನುಡಿಸುತ್ತ ಬಂದರು.

ಈ ಮುದ್ರಣಗಳೆಲ್ಲ ಅಂತರ್ಜಾಲದಲ್ಲಿ ಸಿಗುತ್ತವೆ. ಮೊದಲು 1924ರಲ್ಲಿ ಟ್ಯಾನರ್ ಮತ್ತು ಪಕೆಟ್ ಇಬ್ಬರೇ ನುಡಿಸಿದ್ದನ್ನು ಕೇಳು, ಆಮೇಲೆ 1926ರ ನಂತರದ ತುಂಬು ತಂಡವನ್ನು, ಕೊನೆಯಲ್ಲಿ ‘ಡೌನ್ ಯಾಂಡರ್’. ತುಂಬು ತಂಡದ ಮುದ್ರಣಗಳಲ್ಲಿ ಮೆಕ್‌ಮಿಚನ್‌ನ ಕಮಾನು ಎಲ್ಲಿದೆ, ಟ್ಯಾನರನದು ಎಲ್ಲಿದೆ ಎಂದು ನಿನ್ನ ಕಿವಿಗೆ ಗೊತ್ತಾಗುತ್ತದೆಯೇ ನೋಡಿ, ತಂಡದವರಿಗೂ ಕೇಳಿಸಿ, ಅವರೇನೆಂದರು ಎಂಬುದನ್ನು ಮುಂದಿನ ಪತ್ರದಲ್ಲಿ ಬರೆ. ಅಮ್ಮ ನಿನಗೆ ಪ್ರೀತಿ ತಿಳಿಸಿದ್ದಾಳೆ.

ಇಂತಿ,
ನಿನ್ನ ಅಪ್ಪ