ಒಂಬತ್ತನೇ ತರಗತಿಯ ಪಾಲಕರಿಗೆ: ಬಾಗಿಲಿಗೆ ಹಚ್ಚಿದ ಚೀಟಿಯ ಬಗ್ಗೆ

ಪಾಲಕರಿಗೆ ನಮಸ್ಕಾರ.

ಈ ತಿಂಗಳು ನಿಮ್ಮ ಮಕ್ಕಳಿಗೆ ನಾನು ಪ್ಲೇಗಿನ ಹಳೆಯ ಕಾದಂಬರಿಯೊಂದರ ಕಥೆ ಹೇಳುತ್ತಿದ್ದೇನೆ. ‘ಮಕ್ಕಳಿಗೆ ಯಾಕ್ರೀ ಸರ್ ರೋಗದ ಕಥೆ?’ ಎಂದು ಕೆಲವರು ಕೇಳಿದಿರಿ. ಅದಕ್ಕೇ ಈ ಪತ್ರ.

1665ರಲ್ಲಿ ಲಂಡನ್ನಿಗೆ ಬಂದ ಪ್ಲೇಗಿನ ಬಗ್ಗೆ ಡೇನಿಯಲ್ ಡಿಫೋ ಬರೆದ ಕಾದಂಬರಿ ಅದು. ಅಚ್ಚಾದದ್ದು 1722ರಲ್ಲಿ. ಒಬ್ಬರಿಗೆ ರೋಗ ಬಂತೆಂದರೆ ಇಡೀ ಮನೆಗೆ ಹೊರಗಿನಿಂದ ಬೀಗ. ಬಾಗಿಲ ಮೇಲೆ ಕೆಂಪು ಶಿಲುಬೆ, ಹಗಲೂ ರಾತ್ರಿ ಕಾವಲು. ಬೀಗಕ್ಕೆ ಹೆದರಿ ಜನ ರೋಗವನ್ನೇ ಮುಚ್ಚಿಟ್ಟರು. ಕೆಲವರು ಕಾವಲುಗಾರನಿಗೆ ದುಡ್ಡು ಕೊಟ್ಟು ತಪ್ಪಿಸಿಕೊಂಡರು. ರೋಗವೂ ಅವರ ಜೊತೆ ಹೋಯಿತು.

ಇಷ್ಟು ಹೇಳುವಾಗ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ‘ನಮ್ಮ ಮನಿ ಬಾಗಲಕ್ಕೂ ಚೀಟಿ ಹಚ್ಚಿದ್ರೀ ಸರ್. ಹಾಲಿನವರು ಬರೋದ ಬಿಟ್ರು.’ 2020ರಲ್ಲಿ, ಕೊರೊನಾ ಬಂದಾಗ, ಅವಳು ಸಣ್ಣವಳು. ಆ ಚೀಟಿಯ ಅಂಟಿನ ಗುರುತು ಬಾಗಿಲ ಮೇಲೆ ಇನ್ನೂ ಇದೆಯಂತೆ. (ಅವಳ ಮನೆಯವರನ್ನು ಕೇಳಿಯೇ ಇದನ್ನು ಬರೆದಿದ್ದೇನೆ.)

ಆ ವರ್ಷ ನಾನೂ ಎರಡು ದಿನ ಜ್ವರ ಮುಚ್ಚಿಟ್ಟಿದ್ದೆ. ರೋಗಕ್ಕಿಂತ ಓಣಿಯವರ ಕಣ್ಣಿಗೆ ಜಾಸ್ತಿ ಹೆದರಿದ್ದೆ. ನಿಮ್ಮಲ್ಲೂ ಕೆಲವರು ಹೀಗೆ ಮಾಡಿರಬಹುದು, ಅಲ್ವಾ? ಆ ಹೆದರಿಕೆ ಎಷ್ಟು ಹಳೆಯದು ಎಂದು ನನಗೆ ಗೊತ್ತಾಗಿದ್ದು ಈ ಕಾದಂಬರಿಯಿಂದ.

ಪ್ಲೇಗ್ ಬಂದಾಗ ಡಿಫೋಗೆ ಸುಮಾರು ಐದು ವರ್ಷ. ಕಣ್ಣಾರೆ ಕಂಡಿದ್ದಕ್ಕಿಂತ ದೊಡ್ಡವರಿಂದ ಕೇಳಿದ್ದು, ಹಳೆಯ ಕಾಗದಗಳಲ್ಲಿ ಓದಿದ್ದೇ ಜಾಸ್ತಿ ಇರಬೇಕು. ನಮ್ಮ ಹುಬ್ಬಳ್ಳಿಗೂ 1898ರಲ್ಲಿ ಪ್ಲೇಗ್ ಬಡಿದಿತ್ತು. ಹಾಫ್ಕಿನ್ ಎಂಬ ವಿಜ್ಞಾನಿ ಕಂಡುಹಿಡಿದ ಪ್ಲೇಗ್ ಲಸಿಕೆಯನ್ನು ಆಗ ಇಲ್ಲಿ ಸಾವಿರಾರು ಜನರಿಗೆ ಹಾಕಿದರು. ಅದು ದಾಖಲೆಯಲ್ಲಿದೆ. ಆದರೆ ಆಗ ಮನೆಗಳ ಒಳಗೆ ಏನು ನಡೆಯಿತು, ಯಾರು ಯಾರಿಗೆ ನೀರು ಕೊಟ್ಟರು ಎಂದು ಹೇಳುವವರು ನಮ್ಮ ಓಣಿಗಳಲ್ಲಿ ಈಗ ಯಾರೂ ಉಳಿದಿಲ್ಲ.

ಹಾಗಾಗಿ ಒಂದು ಕೋರಿಕೆ. ಈ ಭಾನುವಾರ ಊಟ ಆದ ಮೇಲೆ ಮಕ್ಕಳ ಜೊತೆ ಅರ್ಧ ಗಂಟೆ ಕೂತು 2020ರ ದಿನಗಳ ಬಗ್ಗೆ ಹೇಳಿ. ಯಾರು ಕಟ್ಟೆಯ ಮೇಲೆ ರೊಟ್ಟಿ ಇಟ್ಟು ಹೋದರು, ಯಾರು ಮುಖ ತಿರುಗಿಸಿದರು, ನೀವು ಯಾರ ಮನೆಗೆ ಹೋಗಲಿಲ್ಲ, ಎಲ್ಲವನ್ನೂ ಹೇಳಿ. ಮಕ್ಕಳು ಒಂದು ಪುಟ ಬರೆದು ಸೋಮವಾರ ತರಲಿ. ಯಾರ ಹೆಸರೂ ಬೇಡ.

ಆಗ ಮನೆಯವರನ್ನು ಕಳೆದುಕೊಂಡಿದ್ದರೆ, ಮಾತಾಡಲು ಮನಸ್ಸಾಗದಿದ್ದರೆ ಬಿಡಿ. ನನಗೆ ಒಂದು ಮಾತು ತಿಳಿಸಿ. ಆ ಮಗುವಿಗೆ ಬೇರೆ ವಿಷಯ ಕೊಡುತ್ತೇನೆ.

ನಿಮ್ಮ,
ಮುಖ್ಯೋಪಾಧ್ಯಾಯರು
ಹಳೇ ಹುಬ್ಬಳ್ಳಿ