ಒಂದೆಲಗಕ್ಕೆ ಸಕ್ಕರೆ: ಮಗಳಿಗೊಂದು ಪತ್ರ

ಶಿರಸಿ

ಪ್ರೀತಿಯ ಕೂಸೇ,

ವಿಯೆಟ್ನಾಂ ಟಿಕೆಟ್ ಆಯ್ತು ಅಂತ ನೀನು ಫೋನ್ ಮಾಡಿದಾಗಿನಿಂದ ನಿನ್ನ ಆಯಿಗೆ ಒಂದೇ ಚಿಂತೆ. ಅಲ್ಲಿ ಕೂಸು ಏನು ತಿನ್ನುತ್ತದೆ? ಚಟ್ನಿಪುಡಿ, ಅವಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ ಎಲ್ಲ ಕಟ್ಟಿಟ್ಟಾಗಿದೆ. ಬೆಂಗಳೂರು ಬಸ್ಸಿಗೆ ಹಾಕಿ ಕಳಿಸುತ್ತಾಳೆ. ಬೇಡ ಅನ್ನಲು ಹೋಗಬೇಡ. ಚಟ್ನಿಪುಡಿ ಒಯ್ಯಿ, ಉಳಿದದ್ದು ರೂಮಿನಲ್ಲೇ ಇಟ್ಟು ಹೋಗು. ನಾನು ಹೇಳಿದ್ದು ಅಂತ ಮಾತ್ರ ಬಾಯಿ ಬಿಡಬೇಡ.

ಮೆಣಸು ಬೆಳೆಗಾರರ ಗುಂಪಿನ ಜೊತೆ ನಾನೂ ಆ ದೇಶ ನೋಡಿ ಬಂದವನು, ಅಲ್ವಾ. ನೋಡಿದ್ದು ಹೌದು, ತಿಂದದ್ದು ಕಡಿಮೆ. ಸಂಜೆಯಾದರೆ ಟೂರಿನವರು ಬಸ್ಸು ತಿರುಗಿಸಿ ಇಂಡಿಯನ್ ಹೋಟೆಲಿಗೇ ಒಯ್ಯುತ್ತಿದ್ದರು. ಹನೋಯ್‌ನಲ್ಲಿ ಪನೀರ್ ಬಟರ್ ಮಸಾಲ, ಸೈಗಾನ್‌ನಲ್ಲೂ ಪನೀರ್ ಬಟರ್ ಮಸಾಲ. ಶಿರಸಿ ಪೇಟೆಯಲ್ಲೇ ನಾನು ಅದನ್ನು ತಿನ್ನುವವನಲ್ಲ. ನಮ್ಮವರಲ್ಲಿ ಕೆಲವರು ಹೋಟೆಲ್ ರೂಮಿನಲ್ಲಿ ಕೆಟಲಿನಲ್ಲಿ ನೀರು ಕಾಯಿಸಿ ಅವಲಕ್ಕಿ ನೆನೆಸಿಕೊಂಡು ಹೊಟ್ಟೆ ತುಂಬಿಸಿಕೊಂಡರು. ಖರ್ಚು ಮಾಡಿ ಅಷ್ಟು ದೂರ ಹೋಗಿ!

ಒಂದು ಮಧ್ಯಾಹ್ನ ಮಾತ್ರ ತಪ್ಪಿಸಿಕೊಂಡೆವು. ಡಾಕ್ ಲಾಕ್ ಪ್ರಾಂತ್ಯದಲ್ಲಿ ಒಬ್ಬ ಮೆಣಸು ಬೆಳೆಗಾರನ ತೋಟ ನೋಡಲು ಹೋದಾಗ ಊಟದ ಹೊತ್ತಾಯಿತು. ಅವರು ಬಿಡಲಿಲ್ಲ. ನೆಲಕ್ಕೆ ಚಾಪೆ. ನಡುವೆ ಅನ್ನದ ಪಾತ್ರೆ, ಒಂದು ಬುಟ್ಟಿ ಹಸಿ ಸೊಪ್ಪು, ಸಣ್ಣಗೆ ಹೆಚ್ಚಿ ಲಿಂಬೆ ನೀರಲ್ಲಿ ಹಾಕಿಟ್ಟ ಬಾಳೆಹೂವು. ನಮಗಾಗಿ ಮೀನು, ಕೋಳಿ ಎಲ್ಲ ಬದಿಗೆ ಸರಿಸಿದ್ದರು. ಒಂದು ಪುಟ್ಟ ಬಟ್ಟಲಲ್ಲಿ ಒಂದು ಮಗ್ಗುಲಿಗೆ ಉಪ್ಪು, ಇನ್ನೊಂದು ಮಗ್ಗುಲಿಗೆ ಆಗಷ್ಟೇ ಕುಟ್ಟಿದ ಕರಿಮೆಣಸು, ಮೇಲೊಂದು ಹೋಳು ಲಿಂಬೆ. ಮನೆಯಾಕೆ ಲಿಂಬೆ ಹಿಂಡಿ, ಊಟದ ಕಡ್ಡಿಯ ತುದಿಯಿಂದ ಕದಡಿ, ಸೊಪ್ಪನ್ನು ಅದರಲ್ಲಿ ಅದ್ದಿ ತೋರಿಸಿದಳು. ಅದ್ದಿ ಬಾಯಿಗಿಟ್ಟೆ. ಮೊದಲು ಹುಳಿ, ಆಮೇಲೆ ಮೆಣಸಿನ ಘಮ, ಕಡೆಗೆ ಮೂಗಿನ ತನಕ ಖಾರ. ಹುಟ್ಟಿದಾಗಿನಿಂದ ಮೆಣಸಿನ ಬಳ್ಳಿಯ ಬುಡದಲ್ಲೇ ಬೆಳೆದವನು ನಾನು. ಆದರೆ ನಮ್ಮಲ್ಲಿ ಅದು ಕಷಾಯಕ್ಕೊಂದಿಷ್ಟು, ಸಾರಿಗೊಂದಿಷ್ಟು, ಉಳಿದದ್ದೆಲ್ಲ ಮಂಡಿಗೆ. ಮೆಣಸನ್ನೇ ಮುಂದಿಟ್ಟುಕೊಂಡು ಊಟ ಮಾಡಿದ್ದು ಅಲ್ಲೇ.

ನಿನಗೆ ನಗು ಬರಬಹುದು. ಈ ಅಪ್ಪ ವಿಯೆಟ್ನಾಂ ಮೆಣಸು ಅಂದರೆ ಸಿಡುಕುವವನು, ಅಲ್ವಾ? ಸಿಡುಕಲು ಕಾರಣ ಇತ್ತು. ಜಗತ್ತಿನಲ್ಲೇ ಎಲ್ಲರಿಗಿಂತ ಜಾಸ್ತಿ ಮೆಣಸು ಬೆಳೆಯುವವರು ಅವರು. ಅಲ್ಲಿಯ ಅಗ್ಗದ ಮಾಲು ಇಲ್ಲಿಗೆ ಬಂದು ಬಿದ್ದು ನಮ್ಮ ದರ ಕುಸಿಯಿತು. ಕಡೆಗೆ 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿಗಿಂತ ಕಡಿಮೆ ದರದ ಮೆಣಸು ಒಳಗೆ ಬರುವಂತಿಲ್ಲ ಅಂತ ನಿಯಮ ತಂದಿತು. ಹಿಂದೊಮ್ಮೆ ಇಲ್ಲೇ ಕೆಳಗೆ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ರೈನಾ ದ ಪಿಮೆಂಟಾ’, ಮೆಣಸಿನ ರಾಣಿ ಅಂತ ಕರೆದಿದ್ದರು. ಈಗ ಆ ಪಟ್ಟ ವಿಯೆಟ್ನಾಮಿನವರಿಗೆ ಹೋಗಿದೆ. ಆದರೂ ಹೇಳುತ್ತೇನೆ, ಆ ಉಪ್ಪು-ಮೆಣಸು-ಲಿಂಬೆ ಬಟ್ಟಲು ಕಂಡಲ್ಲಿ ಬಿಡಬೇಡ. ಪೇರಲಕ್ಕೆ ಹಚ್ಚಿಕೊಂಡರೂ ಆಗುತ್ತದೆ.

ಇನ್ನೊಂದು ಮಾತು. ಅಕ್ಕಿ ಹಿಟ್ಟಿಗೆ ಅರಿಶಿನ, ತೆಂಗಿನ ಹಾಲು ಹಾಕಿ ಕಾವಲಿಯ ಮೇಲೆ ಗರಿಗರಿಯಾಗಿ ಹುಯ್ಯುವ ಬಾನ್ ಸೆಯೊ ಅಂತ ಒಂದಿದೆ. ಅದನ್ನು ನೋಡಿದ ಕೂಡಲೇ ನೀನು ‘ನಮ್ಮ ದೋಸೆ’ ಅನ್ನುತ್ತೀ. ಅನ್ನಬೇಡ. ಹಾಗಂದ ಕೂಡಲೇ ನಾಲಿಗೆ ದೋಸೆಯ ಹುಳಿ ಹುಡುಕುತ್ತದೆ. ಅಲ್ಲಿ ಹುಳಿ ಇಲ್ಲ. ಸಪ್ಪೆ ಅಂತ ಬದಿಗೆ ಸರಿಸುತ್ತೀ. ಅವರು ಅದನ್ನು ಸುಮ್ನೆ ತಿನ್ನುವುದೇ ಇಲ್ಲ. ಒಂದು ತುಂಡು ಮುರಿದು, ದೊಡ್ಡ ಸೊಪ್ಪಿನ ಎಲೆಯಲ್ಲಿ ಇಟ್ಟು, ಪುದಿನ, ತುಳಸಿಯಂಥ ನಾಲ್ಕಾರು ಎಲೆ ಸೇರಿಸಿ, ಸುತ್ತಿ, ಹುಳಿ-ಸಿಹಿ ರಸದಲ್ಲಿ ಅದ್ದಿ ತಿನ್ನುತ್ತಾರೆ. ರುಚಿ ಇರುವುದು ಆ ಸುತ್ತುವುದರಲ್ಲಿ, ಅದ್ದುವುದರಲ್ಲಿ. ಪಕ್ಕದ ಟೇಬಲ್ಲಿನ ಅಜ್ಜಿ ಏನು ಮಾಡುತ್ತಾಳೆ ಅಂತ ಒಂದು ಗಳಿಗೆ ನೋಡಿದರೆ ಸಾಕು.

ನಮ್ಮ ಹೋಮ್‌ಸ್ಟೇಗೆ ಬಂದಿದ್ದ ದೆಹಲಿಯ ಹುಡುಗ ನೆನಪಿದ್ದಾನಾ? ಆಯಿ ಒಂದೆಲಗದ ತಂಬುಳಿ ಬಡಿಸಿದರೆ ಲಸ್ಸಿ ಅಂದುಕೊಂಡು ಲೋಟಕ್ಕೆ ಹುಯ್ಯಿಸಿಕೊಂಡು, ಸಕ್ಕರೆ ಇದೆಯಾ ಅಂತ ಕೇಳಿದ. ನೀನು ಒಳಗೆ ಓಡಿ ಹೋಗಿ ನಕ್ಕೆ. ಆಯಿ ಪಾಪ, ಸಕ್ಕರೆ ಡಬ್ಬ ತಂದು ಮುಂದಿಟ್ಟಳು. ಈಗ ಕೇಳು. ವಿಯೆಟ್ನಾಂ ತುಂಬ ರಸ್ತೆ ಬದಿಯಲ್ಲಿ ರಾವ್ ಮಾ ಅಂತ ಒಂದು ಹಸಿರು ಪಾನಕ ಮಾರುತ್ತಾರೆ. ಅದು ನಮ್ಮ ಗದ್ದೆ ಅಂಚಿನ ಅದೇ ಒಂದೆಲಗ. ಅರೆದು, ನೀರು ಹಾಕಿ ಸೋಸಿ, ಅದಕ್ಕೆ ಅವರು ಹಾಕುವುದು ಸಕ್ಕರೆ! ಕೆಲವರು ಮೇಲೆ ತೆಂಗಿನ ಹಾಲನ್ನೂ ಹುಯ್ಯುತ್ತಾರೆ. ಬಿಸಿಲಿಗೆ ತಂಪು ಅಂತ ಅವರೂ ಹೇಳುತ್ತಾರೆ, ನಾವೂ ಹೇಳುತ್ತೇವೆ. ನಾವು ಮಜ್ಜಿಗೆ, ಜೀರಿಗೆ, ತುಪ್ಪದ ಒಗ್ಗರಣೆಯ ದಾರಿ ಹಿಡಿದೆವು, ಅವರು ಸಕ್ಕರೆಯ ದಾರಿ. ಕುಡಿದು ನೋಡು. ಐಸ್ ಎಲ್ಲಿಯದು ಅಂತ ನೋಡಿ ಕುಡಿ. ನಡುವೆ ತೂತಿರುವ ಉರುಟು ತುಂಡುಗಳಾದರೆ ಸಾಮಾನ್ಯವಾಗಿ ಕಾರ್ಖಾನೆಯದು. ದೊಡ್ಡ ಗಡ್ಡೆಯಿಂದ ಒಡೆದದ್ದಾದರೆ ಬೇಡ.

ಹೊಸದು ತಿನ್ನುವುದನ್ನು ಧೈರ್ಯದ ಪಂದ್ಯ ಮಾಡಿಕೊಳ್ಳುವವರನ್ನು ಕಂಡರೆ ನನಗಾಗುವುದಿಲ್ಲ. ಮೊಬೈಲ್ ಮುಂದೆ ಮುಖ ಕಿವುಚಿ ‘ನೋಡಿ ತಿಂದೆ’ ಅನ್ನುವುದು. ಎದುರಿಗೆ ಮಾಡಿ ಕೊಟ್ಟವರು ನಿಂತಿರುತ್ತಾರೆ, ಅವರ ಮಕ್ಕಳು ದಿನಾ ತಿನ್ನುವ ಊಟ ಅದು. ಹುಳ ಮಾರುವ ಅಂಗಡಿ ಕಂಡರೆ ‘ಛೀ’ ಅನ್ನಬೇಡ. ಜೋಯಿಡಾ, ಯಲ್ಲಾಪುರದ ಕಾಡಂಚಿನ ಮನೆಗಳಲ್ಲಿ ಚಗಳಿ, ಅಂದರೆ ಕೆಂಪಿರುವೆಯ ಚಟ್ನಿ ಅರೆಯುತ್ತಾರೆ, ನಿನಗೆ ಗೊತ್ತಿರುವುದೇ. ಒಡಿಶಾದ ಸಿಮಿಲಿಪಾಲ್ ಕಡೆಯ ಕೆಂಪಿರುವೆ ಚಟ್ನಿಗೆ 2024ರಲ್ಲಿ ಜಿಐ ಟ್ಯಾಗೇ, ಆ ಊರಿನದೇ ಅನ್ನುವ ಅಧಿಕೃತ ಗುರುತೇ ಸಿಕ್ಕಿತು. ನಾನು ತಿಂದಿಲ್ಲ, ತಿನ್ನುವುದೂ ಇಲ್ಲ. ಬೇಡ ಅನ್ನಲು ಹೇಸಿಗೆಯ ಮುಖ ಬೇಕಾಗಿಲ್ಲ, ಹೊಟ್ಟೆ ಮೇಲೆ ಕೈಯಿಟ್ಟು ನಕ್ಕರೆ ಯಾವ ದೇಶದಲ್ಲೂ ಅರ್ಥವಾಗುತ್ತದೆ.

ಕಳಲೆಯ ವಿಷಯ ಯೋಚಿಸು. ಹಸಿ ಕಳಲೆಯಲ್ಲಿ ಸೈನೈಡ್ ಹುಟ್ಟಿಸುವ ಅಂಶ ಇದೆ. ಅದಕ್ಕೇ ಆಯಿ ಹೆಚ್ಚಿ ನೀರಲ್ಲಿ ಹಾಕಿ, ದಿನಾ ನೀರು ಬದಲಿಸಿ, ಆಮೇಲೆ ಬೇಯಿಸುವುದು. ಕೆಸುವಿನ ಸೊಪ್ಪಿಗೆ ಹುಳಿ ಬೀಳದಿದ್ದರೆ ಗಂಟಲು ಕೆರೆದು ಸಾಯಬೇಕು. ಯೂಟ್ಯೂಬ್ ನೋಡಿ ಯಾರೋ ಪ್ರವಾಸಿ ನಮ್ಮ ಕಾಡಿನ ಕಳಲೆ ಮುರಿದು ಬಾಯಿಗೆ ಹಾಕಿಕೊಂಡರೆ ನಾವು ಏನನ್ನುತ್ತೇವೆ? ಅಲ್ಲಿಯೂ ಅಷ್ಟೇ. ವಿಯೆಟ್ನಾಮಿನವರೂ ಕಳಲೆ ತಿನ್ನುತ್ತಾರೆ, ಬೇಯಿಸಿ ನೀರು ಚೆಲ್ಲಿಯೇ ತಿನ್ನುತ್ತಾರೆ. ಯಾವ ಊರಿನ ತಿನಿಸನ್ನೇ ಆಗಲಿ, ಅದನ್ನು ತಲೆತಲಾಂತರದಿಂದ ಪಳಗಿಸಿದವರ ಕೈಯಿಂದ, ಅವರು ತಿನ್ನುವ ಹೊತ್ತಿನಲ್ಲಿ, ಅವರು ತಿನ್ನುವ ಹಾಗೆ ತಿನ್ನು. ಬೆಳಿಗ್ಗೆಯ ಊಟವನ್ನು ರಾತ್ರಿ ಮಾರುವ ಅಂಗಡಿ ಪ್ರವಾಸಿಗರದ್ದು. ಬೆಳಿಗ್ಗೆ ಆರಕ್ಕೆ ಊರಿನವರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಕ್ಕರಿಸಿ ಕೂತು ಉಣ್ಣುವ ಜಾಗ ಸಿಕ್ಕರೆ ಅಲ್ಲಿ ಕೂರು. ಒಂದೇ ತಿಂಡಿ ಮಾಡುವವರಾದರೆ ಇನ್ನೂ ಒಳ್ಳೆಯದು.

ಈಗ ನಿನ್ನ ಮೀನಿನ ವಿಷಯ. ಕಾರವಾರದ ಹಾಸ್ಟೆಲಿನಲ್ಲಿದ್ದಾಗ ನೀನು ಬಂಗುಡೆ ತಿನ್ನಲು ಕಲಿತದ್ದು ನನಗೆ ಗೊತ್ತು. ಆಯಿಗೂ ಗೊತ್ತು. ಗೊತ್ತಿಲ್ಲದವಳು ನಿನ್ನ ಅಜ್ಜಿ ಒಬ್ಬಳೇ, ಅವಳಿಗೆ ಫೋಟೊ ಕಳಿಸಬೇಡ. ತಿನ್ನುವುದು ನಿನಗೆ ಬಿಟ್ಟದ್ದು. ಆದರೆ ಸಿಗಡಿ ತಿಂದು ಮೈಯೆಲ್ಲ ದಡಿಕೆ ಎದ್ದು, ತುಟಿ ಊದಿಕೊಂಡು ರಾತ್ರಿ ಡಾಕ್ಟರ ಹತ್ತಿರ ಓಡಿದ್ದೆಯಲ್ಲ, ಅದನ್ನು ಮರೆಯಬೇಡ. ಅಲ್ಲಿ ಸಿಗಡಿ ಕಣ್ಣಿಗೆ ಕಾಣುವುದಿಲ್ಲ. ಮಾಮ್ ತೋಮ್ ಅಂತ ಸಿಗಡಿಯನ್ನು ಉಪ್ಪು ಹಾಕಿ ಕೊಳೆಸಿ ಮಾಡಿದ ನೇರಳೆ ಬಣ್ಣದ ಗೊಜ್ಜು ಇದೆ, ಬಟ್ಟಲಲ್ಲಿ ಬಂದು ಕೂತಿರುತ್ತದೆ. ಬಾನ್ ಸೆಯೊ ಒಳಗೂ ಸಿಗಡಿಯೇ ಇರುವುದು ಜಾಸ್ತಿ. ಹುಯೆ ನಗರದಲ್ಲಿ ಪುಟ್ಟ ತಟ್ಟೆಗಳಲ್ಲಿ ಹಬೆಯಾಡುವ ಅಕ್ಕಿ ತಿಂಡಿಯ ಮೇಲೆ ಉದುರಿಸುವ ಕೇಸರಿ ಬಣ್ಣದ ಪುಡಿಯೂ ಒಣ ಸಿಗಡಿ. ‘ನನಗೆ ಸಿಗಡಿ ಆಗುವುದಿಲ್ಲ, ಅಲರ್ಜಿ’ ಅಂತ ಅವರ ಭಾಷೆಯಲ್ಲಿ ಬರೆಸಿಕೊಂಡ ಒಂದು ಚೀಟಿ ಪರ್ಸಿನಲ್ಲಿ ಇರಲಿ. ಮೊಬೈಲ್ ಚಾರ್ಜು ಮುಗಿಯುತ್ತದೆ, ಚೀಟಿ ಮುಗಿಯುವುದಿಲ್ಲ. ಡಾಕ್ಟರು ಬರೆದುಕೊಟ್ಟ ಮಾತ್ರೆ ಕೈಚೀಲದಲ್ಲೇ ಇಟ್ಟುಕೋ, ದೊಡ್ಡ ಬ್ಯಾಗಿನಲ್ಲಿ ಅಲ್ಲ. ಎರಡು ಪಾಕೀಟು ಓಆರ್‌ಎಸ್ ಕೂಡ.

ನಿನ್ನ ಜೊತೆಗೆ ಬರುವ ಗೆಳತಿ ಪೂರ್ತಿ ಸಸ್ಯಾಹಾರಿ ಅಂದೆಯಲ್ಲ, ಅವಳಿಗೆ ಹೇಳು: ಬರೀ ಸೊಪ್ಪಿನ ಪಲ್ಯ ಅಂತ ನಂಬಬಾರದು, ಅದಕ್ಕೂ ಮೀನಿನ ರಸ ಬಿದ್ದಿರುತ್ತದೆ. ಫೋ ಅನ್ನುವ ಶಾವಿಗೆ ಸಾರು ಸಾಮಾನ್ಯವಾಗಿ ದನದ ಎಲುಬು ಕುದಿಸಿದ್ದು, ಇಲ್ಲವೇ ಕೋಳಿಯದ್ದು. ‘ಚಾಯ್’ ಅಂತ ಬೋರ್ಡಿದ್ದರೆ ಅದು ಟೀ ಅಂಗಡಿ ಅಲ್ಲ, ಬೌದ್ಧರ ಸಸ್ಯಾಹಾರಿ ಹೋಟೆಲು. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಅಲ್ಲಿಯ ಎಷ್ಟೋ ಮನೆಗಳಲ್ಲಿ ಮಾಂಸ ಮಾಡುವುದಿಲ್ಲ. ಆ ದಿನಗಳಲ್ಲಿ ಇಂಥ ಹೋಟೆಲುಗಳು ತುಂಬಿ ತುಳುಕುತ್ತವೆ. ಕ್ಯಾಲೆಂಡರ್ ನೋಡಿಕೊಂಡು ಒಂದು ಹುಣ್ಣಿಮೆಗೆ ಹುಯೆಯಲ್ಲಿ ಇರುವ ಹಾಗೆ ಮಾಡಿಕೊಂಡರೆ ನಿಮ್ಮಿಬ್ಬರಿಗೂ ಹಬ್ಬ. ಲೋಲೊತ್ ಅನ್ನುವ ಎಲೆಯಲ್ಲಿ ತೋಫು ಸುತ್ತಿ ಸುಟ್ಟದ್ದು ಸಿಕ್ಕರೆ ಕೇಳಿ ಹಾಕಿಸಿಕೋ. ಆ ಎಲೆ ನಮ್ಮ ಮೆಣಸು, ವೀಳ್ಯದ ಬಳ್ಳಿಗಳ ನೆಂಟ. ಸುಡುವಾಗ ಬರುವ ವಾಸನೆಗೇ ನನಗೆ ತೋಟ ನೆನಪಾಯಿತು.

ಎರಡು ವಿಷಯಕ್ಕೆ ಮಾತ್ರ ಕಡ್ಡಾಯವಾಗಿ ಬೇಡ ಅನ್ನುತ್ತೇನೆ. ಬಾತುಕೋಳಿಯ, ಹಂದಿಯ ಹಸಿ ರಕ್ತ ಹೆಪ್ಪುಗಟ್ಟಿಸಿ ಮಾಡುವ ತಿಂಡಿಯೊಂದಿದೆ. ಹಂದಿಯಿಂದ ಬರುವ ಬ್ಯಾಕ್ಟೀರಿಯಾ ಮಿದುಳಿನ ಪೊರೆಗೆ ಹೋಗಿ ಅಲ್ಲಿಯವರೇ ಕಿವಿ ಕಳೆದುಕೊಂಡದ್ದಿದೆ, ಜೀವ ಹೋದದ್ದೂ ಇದೆ. ಇನ್ನೊಂದು ಹಾವು ಮುಳುಗಿಸಿದ ಸಾರಾಯಿ, ಕಾಡುಪ್ರಾಣಿಯ ಮಾಂಸ. ಅದನ್ನು ತಿನ್ನುವುದು ಆ ಊರಿನ ರುಚಿ ನೋಡಿದ ಹಾಗೆ ಅಲ್ಲ, ಆ ಊರಿನ ಕಾಡು ಬರಿದು ಮಾಡಿದ ಹಾಗೆ.

ಕಾಫಿ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದು ನಿನಗೇ ಹಿಡಿಸುತ್ತದೆ. ಹನೋಯ್‌ನಲ್ಲಿ ಮೊಟ್ಟೆಯ ಹಳದಿ ಬಡಿದು ನೊರೆ ಮಾಡಿ ಹಾಕಿದ ಕಾಫಿ ಕೊಡುತ್ತಾರೆ. 1946ರ ಸುಮಾರಿಗೆ ಹಾಲು ಸಿಗದ ಕಾಲದಲ್ಲಿ ಹುಟ್ಟಿದ್ದಂತೆ. ನಮ್ಮ ಗುಂಪಿನಲ್ಲಿ ಒಬ್ಬರು ಬೋರ್ಡು ಓದದೆ ಕುಡಿದು, ಬಹಳ ಚೆನ್ನಾಗಿದೆ ಅಂತ ಇನ್ನೊಂದು ಲೋಟ ಹೇಳಿದರು. ಅವರ ಹೆಸರು ಬೇಡ, ಊರಿನಲ್ಲಿ ಪೂಜೆ ಮಾಡಿಸುವವರು.

ಕಡೆಯದಾಗಿ ಅಡಿಕೆ. ಅಲ್ಲಿಯೂ ಎಲೆ-ಅಡಿಕೆ ಇಲ್ಲದೆ ಹಳೆಯ ಕ್ರಮದ ಮದುವೆ ನಡೆಯುವುದಿಲ್ಲ. ಗಂಡಿನ ಕಡೆಯವರು ಕೆಂಪು ಬಟ್ಟೆ ಮುಚ್ಚಿದ ಹರಿವಾಣದಲ್ಲಿ ಅಡಿಕೆ ಗೊನೆಯನ್ನೇ ಹೊತ್ತು ತರುತ್ತಾರೆ. ಹಳ್ಳಿ ಸಂತೆಗಳಲ್ಲಿ ಹಲ್ಲು ಕಪ್ಪಾದ ಅಜ್ಜಿಯಂದಿರು ಎಲೆ ಮಡಚಿಕೊಂಡು ಕೂತಿರುತ್ತಾರೆ. ಶಿರಸಿಯ ಅಡಿಕೆ ತೋಟದವರ ಕೂಸು ಅಂತ ಗೊತ್ತಾದರೆ ಒಂದು ಎಲೆ ಮಡಚಿ ನಿನ್ನ ಕೈಗೂ ಕೊಡುತ್ತಾರೆ, ಅಲ್ಲಿ ಮಾತು ಶುರುವಾಗುವುದೇ ಹಾಗೆ. ತೆಗೆದುಕೋ, ಬಾಯಿಗೆ ಹಾಕಿಕೊಳ್ಳಬೇಡ. ಹಸಿ ಅಡಿಕೆ, ಅಭ್ಯಾಸ ಇಲ್ಲದವರಿಗೆ ತಲೆ ಸುತ್ತುತ್ತದೆ, ಸೆಕೆಯಲ್ಲಿ ಬೆವತು ಬೀಳುತ್ತೀ. ಗೊನೆಯ ಫೋಟೊ ತೆಗೆದು ಕಳಿಸು, ಕಾಯಿ ಎಷ್ಟು ದಪ್ಪ ಅಂತ ತಿಳಿಯಲು ಪಕ್ಕದಲ್ಲಿ ನಿನ್ನ ಕೈ ಇರಲಿ. ಮರಕ್ಕೆ ಎಷ್ಟು ಗೊನೆ ಅಂತಲೂ ಕೇಳಿ ಬರೆ.

ನಿನ್ನ
ಅಪ್ಪ